ಕಪ್ಪು ಪಟ್ಟಿ ಏನನ್ನೂ ಮುಚ್ಚುತ್ತಿಲ್ಲ

ಅಗಲದ ಟೀವಿಯಲ್ಲಿ ಸಿನಿಮಾ ಹಾಕಿದರೆ ಮೇಲೊಂದು, ಕೆಳಗೊಂದು ಕಪ್ಪು ಪಟ್ಟಿ ಕಾಣಿಸುತ್ತದೆ. ಇಷ್ಟು ದೊಡ್ಡ ಪರದೆ ಕೊಂಡರೂ ಕಾಲು ಭಾಗ ಖಾಲಿ ಬಿದ್ದಿದೆಯಲ್ಲ ಎಂದು ತುಂಬಾ ಜನರಿಗೆ ಬೇಜಾರು. ರಿಮೋಟ್ ಹಿಡಿದು ಝೂಮ್ ಒತ್ತುತ್ತಾರೆ. ಪಟ್ಟಿ ಮಾಯವಾಗುತ್ತದೆ, ಪರದೆ ತುಂಬುತ್ತದೆ. ಆದರೆ ಅದೇ ಕ್ಷಣಕ್ಕೆ ಸಿನಿಮಾದ ಕಾಲು ಭಾಗ ಎಡಕ್ಕೂ ಬಲಕ್ಕೂ ಪರದೆಯಿಂದ ಆಚೆ ಹೋಗಿರುತ್ತದೆ. ಪಟ್ಟಿ ಇದ್ದಾಗ ಇಡೀ ಚಿತ್ರ ಕಣ್ಣ ಮುಂದೆಯೇ ಇತ್ತು.

ಲೆಕ್ಕ ಸುಲಭ. ಚಿತ್ರದ ಅಗಲವನ್ನು ಎತ್ತರದಿಂದ ಭಾಗಿಸಿದರೆ ಸಿಗುವುದೇ ಆಸ್ಪೆಕ್ಟ್ ರೇಷಿಯೋ. ಇಂದಿನ ಟೀವಿಯದು 16:9, ಅಂದರೆ 1.78. ಹಳೆಯ ಡಬ್ಬಾ ಟೀವಿಯದು 4:3, ಅಂದರೆ 1.33. ಸಿನಿಮಾಗಳಲ್ಲಿ ಜಾಸ್ತಿ ಕಾಣುವುದು 1.85 ಮತ್ತು 2.39. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. 2.39ರ ಸಿನಿಮಾ 1920 ಚುಕ್ಕಿಯಷ್ಟು ಅಗಲ ಹರಡಿಕೊಂಡರೆ ಅದರ ಎತ್ತರ ಸುಮಾರು 803 ಚುಕ್ಕಿ. ಉಳಿದ 277 ಚುಕ್ಕಿಗಳಲ್ಲಿ ತೋರಿಸುವುದಕ್ಕೆ ಏನೂ ಇಲ್ಲ, ಹಾಗಾಗಿ ಕಪ್ಪು. 1.85ರ ಸಿನಿಮಾದಲ್ಲಿ ಉಳಿಯುವುದು ಮೇಲೆ 21, ಕೆಳಗೆ 21 ಚುಕ್ಕಿ ಮಾತ್ರ. ಅದನ್ನು ಯಾರೂ ಗಮನಿಸುವುದೂ ಇಲ್ಲ.

ಹಾಗಾದರೆ ಸಿನಿಮಾ ಯಾಕೆ ಇಷ್ಟು ಅಗಲವಾಯಿತು? ಶುರುವಿನಲ್ಲಿ ಹಾಗಿರಲಿಲ್ಲ. 1890ರ ದಶಕದಲ್ಲಿ ಎಡಿಸನ್ ಅವರ ಪ್ರಯೋಗಾಲಯದಲ್ಲಿ ವಿಲಿಯಂ ಡಿಕ್ಸನ್ 35 ಎಂಎಂ ಫಿಲ್ಮನ್ನು ರೂಪಿಸಿದರು. ಎರಡೂ ಅಂಚಿನಲ್ಲಿ ತೂತುಗಳು, ನಾಲ್ಕು ತೂತಿನಷ್ಟು ಎತ್ತರಕ್ಕೆ ಒಂದು ಫ್ರೇಮ್. ಅದರ ಆಕಾರ 4:3. ಮಾತಿನ ಸಿನಿಮಾ ಬಂದಾಗ ಧ್ವನಿಯ ಪಟ್ಟಿಗೆ ಫಿಲ್ಮಿನ ಒಂದು ಅಂಚಿನಲ್ಲಿ ಜಾಗ ಬಿಡಬೇಕಾಯಿತು. 1932ರಲ್ಲಿ ಅಮೆರಿಕದ ಸಿನಿಮಾ ಅಕಾಡೆಮಿ 1.37 ಎಂದು ನಿಗದಿ ಮಾಡಿತು. ಆಮೇಲೆ ಬಂದ ಟೀವಿಯೂ ಹೆಚ್ಚುಕಡಿಮೆ ಅದೇ ಆಕಾರ ಹಿಡಿಯಿತು.

1950ರ ಹೊತ್ತಿಗೆ ಟೀವಿ ಮನೆಮನೆಗೆ ಬರತೊಡಗಿ ಅಮೆರಿಕದ ಚಿತ್ರಮಂದಿರಗಳು ಖಾಲಿಯಾಗತೊಡಗಿದವು. ಮನೆಯಲ್ಲಿ ಸಿಗದ ಏನನ್ನಾದರೂ ಕೊಡಲೇಬೇಕಿತ್ತು. 1952ರಲ್ಲಿ ಸಿನೆರಮಾ ಬಂತು. ಮೂರು ಪ್ರೊಜೆಕ್ಟರ್, ಬಾಗಿದ ದೊಡ್ಡ ಪರದೆ. ನೋಡಲು ಅದ್ಭುತ, ಆದರೆ ವಿಪರೀತ ಖರ್ಚು. ಮರುವರ್ಷವೇ ಸಿನಿಮಾಸ್ಕೋಪ್ ಬಂತು. ಇದರ ಹಿಂದಿನ ಉಪಾಯ ನನಗೆ ಇಡೀ ಕಥೆಯಲ್ಲೇ ತುಂಬಾ ಇಷ್ಟವಾದದ್ದು. ಫ್ರಾನ್ಸಿನ ಆನ್ರಿ ಕ್ರೆತಿಯನ್ 1920ರ ದಶಕದಲ್ಲೇ ಒಂದು ವಿಚಿತ್ರ ಲೆನ್ಸ್ ಮಾಡಿದ್ದರು. ಅದು ದೃಶ್ಯವನ್ನು ಅಡ್ಡಕ್ಕೆ ಮಾತ್ರ ಅರ್ಧಕ್ಕೆ ಒತ್ತುತ್ತದೆ, ಉದ್ದವನ್ನು ಮುಟ್ಟುವುದಿಲ್ಲ. ಹೀಗೆ ತೆಗೆದ ಫಿಲ್ಮನ್ನು ಬೆಳಕಿಗೆ ಹಿಡಿದರೆ ಎಲ್ಲರೂ ಸಪೂರ, ಉದ್ದ. ಪ್ರೊಜೆಕ್ಟರಿನಲ್ಲಿ ಇನ್ನೊಂದು ಲೆನ್ಸ್ ಅದನ್ನು ಅಷ್ಟೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ. ಫಿಲ್ಮ್ ಅದೇ 35 ಎಂಎಂ, ಪರದೆಯ ಮೇಲಿನ ಚಿತ್ರ ಮಾತ್ರ ಸುಮಾರು ಎರಡರಷ್ಟು ಅಗಲ! ಮೊದಲು 2.55 ಇದ್ದದ್ದು ಆಮೇಲೆ 2.35ಕ್ಕೆ ಬಂತು. ಇಂದಿನ 2.39 ಇದರದೇ ಮುಂದುವರಿಕೆ.

ಲೆನ್ಸಿಗೆ ದುಡ್ಡು ಹಾಕಲು ಇಷ್ಟವಿಲ್ಲದವರು ಫ್ರೇಮಿನ ಮೇಲೆ ಕೆಳಗೆ ಮುಚ್ಚಿ ಅಗಲದ ಆಕಾರ ತಂದರು. ಅಮೆರಿಕದಲ್ಲಿ 1.85, ಯುರೋಪಿನಲ್ಲಿ ಹೆಚ್ಚಾಗಿ 1.66.

ಈ ಅಗಲದ ಸಿನಿಮಾಗಳು ಮುಂದೆ 4:3 ಟೀವಿಗೆ ಬಂದಾಗ ನಡೆದದ್ದು ನಿಜಕ್ಕೂ ಅನ್ಯಾಯ. ಪರದೆ ತುಂಬಿಸಲೇಬೇಕೆಂದು ಚಿತ್ರದ ಒಂದು ಭಾಗವನ್ನು ಮಾತ್ರ ಕತ್ತರಿಸಿ ತೋರಿಸುತ್ತಿದ್ದರು. ಪ್ಯಾನ್ ಆಂಡ್ ಸ್ಕ್ಯಾನ್ ಎಂದು ಇದರ ಹೆಸರು. 2.39ರ ಚಿತ್ರವಾದರೆ ಶೇ. 44ರಷ್ಟು ಹೋಯಿತು. ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು ಮಾತಾಡುವ ದೃಶ್ಯದಲ್ಲಿ ಇಬ್ಬರೂ ಒಟ್ಟಿಗೆ ಕಾಣುವಂತಿಲ್ಲ. ಅವರ ನಡುವಿನ ದೂರವೇ ಆ ದೃಶ್ಯದ ಜೀವಾಳವಾಗಿದ್ದರೆ? ಅದು ನೋಡುವವರಿಗೆ ತಲುಪುತ್ತಲೇ ಇರಲಿಲ್ಲ. ನಿರ್ದೇಶಕರು ಮಾಡದ ಕಟ್‌ಗಳು ಹೊಸದಾಗಿ ಸೇರಿಕೊಳ್ಳುತ್ತಿದ್ದವು. ಝೂಮ್ ಒತ್ತಿದಾಗ ನಾವು ಮಾಡುವುದೂ ಇದನ್ನೇ, ಅಲ್ವಾ? ಅಲ್ಲಿ ಯಾವ ಭಾಗ ಮುಖ್ಯ ಎಂದು ಯಾರೋ ಒಬ್ಬರು ನೋಡಿಯಾದರೂ ಕತ್ತರಿಸುತ್ತಿದ್ದರು. ಝೂಮ್ ಸುಮ್ನೆ ಎರಡೂ ಬದಿ ಕತ್ತರಿಸುತ್ತದೆ.

ಇನ್ನು 16:9 ಎಲ್ಲಿಂದ ಬಂತು? 1980ರ ದಶಕದಲ್ಲಿ ಎಚ್‌ಡಿ ಟೀವಿಯ ಆಕಾರ ಯಾವುದಿರಬೇಕು ಎಂಬ ಚರ್ಚೆ ನಡೆದಿತ್ತು. ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್ ಆಗ ಬಳಕೆಯಲ್ಲಿದ್ದ ಎಲ್ಲ ಆಕಾರಗಳನ್ನೂ ಆಯತಗಳಾಗಿ ಬರೆದರು. ಎಲ್ಲದರ ವಿಸ್ತೀರ್ಣ ಒಂದೇ, ನಡುಮಧ್ಯವೂ ಒಂದೇ. ಒಂದರ ಮೇಲೊಂದು ಇಟ್ಟಾಗ, ಎಲ್ಲವನ್ನೂ ಒಳಗೊಳ್ಳುವ ಹೊರಗಿನ ಆಯತ ಸುಮಾರು 1.77 ಇತ್ತು. ಎಲ್ಲಕ್ಕೂ ಸಮಾನವಾಗಿದ್ದ ಒಳಗಿನ ಆಯತವೂ ಅಷ್ಟೇ ಇತ್ತು. 1.33 ಮತ್ತು 2.35 ಗುಣಿಸಿ ವರ್ಗಮೂಲ ತೆಗೆದರೂ ಇದೇ ಸಂಖ್ಯೆ ಬರುತ್ತದೆ.

ಅಂದರೆ ನಿಮ್ಮ ಟೀವಿಯ ಆಕಾರ ಆಗಿನ ಯಾವ ಸಿನಿಮಾಕ್ಕೂ ಅಳತೆ ತೆಗೆದು ಮಾಡಿದ್ದಲ್ಲ. ಯಾರಿಗೂ ಪೂರ್ತಿ ಸರಿಹೊಂದದೆ, ಯಾರಿಗೂ ಜಾಸ್ತಿ ನಷ್ಟವಾಗದೆ ಇರಲಿ ಎಂದು ಹುಡುಕಿದ ಮಧ್ಯದ ದಾರಿ ಅದು. ಕಪ್ಪು ಪಟ್ಟಿ ಬರುತ್ತದೆ ಎಂದು ಗೊತ್ತಿದ್ದೇ ಆರಿಸಿದ್ದು. ಹಳೆಯ 4:3 ಚಿತ್ರಕ್ಕೆ ಎಡಬಲದಲ್ಲಿ ಪರದೆಯ ಶೇ. 25 ಕಪ್ಪಾಗುತ್ತದೆ. 2.39ರ ಚಿತ್ರಕ್ಕೆ ಮೇಲೆ ಕೆಳಗೆ ಸೇರಿ ಸುಮಾರು ಶೇ. 26. ಎರಡು ತುದಿಗೂ ಇಷ್ಟು ಸಮನಾಗಿ ಹಂಚಿರುವುದು ನನಗಂತೂ ತುಂಬಾ ಚೆಂದದ ಲೆಕ್ಕ ಅನಿಸುತ್ತದೆ.

ಕೆಲವು ಸಿನಿಮಾಗಳಲ್ಲಿ ಪಟ್ಟಿ ನಡುನಡುವೆ ಬಂದು ಹೋಗುತ್ತದೆ. ಟೀವಿ ಕೆಟ್ಟಿದೆ ಎಂದುಕೊಳ್ಳಬೇಡಿ. ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದ ದೃಶ್ಯಗಳು ಎತ್ತರವಾಗಿರುತ್ತವೆ, ಅವು ಬಂದಾಗ ಪರದೆ ತುಂಬುತ್ತದೆ. ಆದರೆ ನಾಲ್ಕೂ ಕಡೆ ಕಪ್ಪು ಕಂಡರೆ ಅನುಮಾನ ಪಡಬಹುದು. ಅಗಲದ ಚಿತ್ರಕ್ಕೆ ಮೊದಲೇ ಪಟ್ಟಿ ಸೇರಿಸಿ 4:3 ಮಾಡಿ, ಅದನ್ನು ಮತ್ತೆ 16:9ರ ಒಳಗೆ ಇಟ್ಟಾಗ ಹೀಗಾಗುತ್ತದೆ. ಝೂಮ್ ಸರಿಯಾಗಿ ಕೆಲಸಕ್ಕೆ ಬರುವುದು ಇಲ್ಲಿ.

ಎಲ್ಲಕ್ಕಿಂತ ಕೆಟ್ಟದ್ದು ಸ್ಟ್ರೆಚ್. 4:3 ಚಿತ್ರವನ್ನು ಎಳೆದು ಪರದೆ ತುಂಬಿಸಿದರೆ ಪ್ರತಿ ಮುಖವೂ ಮೂರನೇ ಒಂದು ಭಾಗದಷ್ಟು ದಪ್ಪವಾಗುತ್ತದೆ, ಚಕ್ರ ಮೊಟ್ಟೆಯಾಗುತ್ತದೆ.

ಸೆಟ್ಟಿಂಗ್‌ನಲ್ಲಿ ಆಕಾರವನ್ನು 16:9 ಅಥವಾ ಒರಿಜಿನಲ್ ಎಂದು ಇಟ್ಟ ಮೇಲೂ ಇನ್ನೊಂದನ್ನು ನೋಡಿ. ಡಬ್ಬಾ ಟೀವಿಯ ಕಾಲದಲ್ಲಿ ಅಂಚು ಸ್ಥಿರವಾಗಿ ನಿಲ್ಲುತ್ತಿರಲಿಲ್ಲ ಎಂದು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು. ಇದು ಓವರ್‌ಸ್ಕ್ಯಾನ್. ಈಗ ಅದರ ಅಗತ್ಯವಿಲ್ಲ, ಆದರೂ ಎಷ್ಟೋ ಟೀವಿಗಳಲ್ಲಿ ಅಭ್ಯಾಸ ಉಳಿದಿದೆ. ಅದನ್ನು ನಿಲ್ಲಿಸುವ ಆಯ್ಕೆಗೆ ಸ್ಕ್ರೀನ್ ಫಿಟ್, ಜಸ್ಟ್ ಸ್ಕ್ಯಾನ್, ಫುಲ್ ಪಿಕ್ಸೆಲ್ ಎಂದು ಬೇರೆಬೇರೆ ಹೆಸರುಗಳಿವೆ. ಅದನ್ನು ಆನ್ ಮಾಡಿದರೆ ನಾಲ್ಕೂ ಅಂಚಿನಲ್ಲಿ ಕತ್ತರಿಸಿ ಹೋಗಿದ್ದ ಚಿತ್ರ ವಾಪಸ್ ಬರುತ್ತದೆ.