ಬಿದ್ದಲ್ಲೇ ಉಳಿದ ಗಂಟೆಗಳು: ಲ್ಯೂಬೆಕ್‌ನ ಇಟ್ಟಿಗೆ ಚರ್ಚಿನ ಹಿನ್ನೆಲೆ

ಉತ್ತರ ಜರ್ಮನಿಯ ಲ್ಯೂಬೆಕ್‌ನಲ್ಲಿರುವ ಸೇಂಟ್ ಮೇರಿ ಚರ್ಚಿನೊಳಗೆ ಕಾಲಿಟ್ಟವರು ಮೊದಲು ಕತ್ತೆತ್ತಿ ಮೇಲೆ ನೋಡುತ್ತಾರೆ. ನಡುವಿನ ಅಂಕಣದ ಕಮಾನು ಚಾವಣಿ ನೆಲದಿಂದ 38.5 ಮೀಟರ್ ಮೇಲಿದೆ. ಬರೀ ಇಟ್ಟಿಗೆಯಲ್ಲಿ ಇಷ್ಟೆತ್ತರಕ್ಕೆ ಏರಿದ ಕಮಾನು ಜಗತ್ತಿನಲ್ಲೇ ಬಹಳ ಅಪರೂಪ. ಆದರೆ ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ತಲೆ ತಗ್ಗಿಸಿ ನೋಡಬೇಕಾದ ಜಾಗ. ದಕ್ಷಿಣ ಗೋಪುರದ ಬುಡದಲ್ಲಿ, ಕಬ್ಬಿಣದ ಸರಳುಗಳ ಆಚೆ, ಎರಡು ಭಾರಿ ಗಂಟೆಗಳು ಒಡೆದು ಬಿದ್ದಿವೆ. ಕಂಚಿನ ಮೈ ಹೋಳಾಗಿದೆ, ಅಂಚು ಚೂರುಚೂರಾಗಿದೆ, ಬಿದ್ದ ರಭಸಕ್ಕೆ ನೆಲದ ಹಾಸು ಒಡೆದು ಒಳಕ್ಕೆ ಕುಸಿದಿದೆ. 1942ರ ಮಾರ್ಚ್ 28ರ ರಾತ್ರಿ ಬಿದ್ದವು. ಅಂದಿನಿಂದ ಅಲ್ಲೇ ಇವೆ.

ಸುಟ್ಟುಹೋದ ಚರಿತ್ರೆಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಈ ಕಟ್ಟಡದೊಳಗೆ ಒಂದಲ್ಲ, ಹಲವು ಉತ್ತರಗಳಿವೆ. ಅವುಗಳಲ್ಲಿ ಒಂದು ಶುದ್ಧ ಮೋಸ.

ಮೊದಲು ಇಟ್ಟಿಗೆಯ ವಿಷಯ. ಬಾಲ್ಟಿಕ್ ಕರಾವಳಿಯ ಬಯಲಿನಲ್ಲಿ ಕಟ್ಟಡಕ್ಕೆ ಒದಗುವ ಕಲ್ಲು ಸಿಗುವುದಿಲ್ಲ, ಜೇಡಿಮಣ್ಣು ಬೇಕಾದಷ್ಟಿದೆ. ಬಳಪದ ಕಲ್ಲು ಕೈಗೆ ಸಿಕ್ಕಿದ್ದರಿಂದ ಹೊಯ್ಸಳ ಶಿಲ್ಪಿಗಳು ಆಭರಣದ ಎಳೆಯನ್ನೂ ಬಿಡಿಸಿ ಕೆತ್ತಿದರು. ಇಟ್ಟಿಗೆಯಲ್ಲಿ ಆ ಕುಸುರಿ ನಡೆಯುವುದಿಲ್ಲ. ಫ್ರಾನ್ಸಿನವರು ಕಲ್ಲಿನಲ್ಲಿ ಕಟ್ಟಿದ ಗೋಥಿಕ್ ಶೈಲಿಯನ್ನು ಲ್ಯೂಬೆಕ್‌ನವರು ಮಣ್ಣು ಸುಟ್ಟು ಕಟ್ಟಬೇಕಾಯಿತು. ಹಾಗಾಗಿ ಅವರು ಕೆತ್ತನೆಯನ್ನು ಬಿಟ್ಟು ಎತ್ತರವನ್ನು ಹಿಡಿದರು. ಗೋಡೆಗೆ ಹೊರಗಿನಿಂದ ಆನಿಕೆ ಕೊಡುವ ಕಮಾನುಗಳೂ ಇಟ್ಟಿಗೆಯವೇ. ಸುಮಾರು 1250ರಿಂದ 1350ರವರೆಗೆ, ನೂರು ವರ್ಷ ಕೆಲಸ ನಡೆಯಿತು. ಅವಳಿ ಗೋಪುರಗಳು ಸುಮಾರು 125 ಮೀಟರ್‌ವರೆಗೆ ಎದ್ದವು.

ಇದನ್ನು ಕಟ್ಟಿಸಿದ್ದು ಬಿಷಪ್ ಅಲ್ಲ. ಬಿಷಪ್‌ರ ಕಥೀಡ್ರಲ್ ಊರಿನ ಇನ್ನೊಂದು ತುದಿಯಲ್ಲಿದೆ. ಇದು ವರ್ತಕರ ಚರ್ಚು. ಮಾರುಕಟ್ಟೆ ಚೌಕ ಮತ್ತು ನಗರಸಭೆಯ ಪಕ್ಕದಲ್ಲೇ ನಿಂತಿದೆ. ಹಾನ್ಸಾ ವರ್ತಕರ ಕೂಟಕ್ಕೆ ಲ್ಯೂಬೆಕ್ ರಾಣಿಯಂತಿದ್ದ ಕಾಲ ಅದು. ಉಪ್ಪು, ಮೀನು, ತುಪ್ಪುಳು ಚರ್ಮದ ವ್ಯಾಪಾರದ ಹಣ ಗೋಡೆಯಾಗಿ ಎದ್ದಿತು. ಬಾಲ್ಟಿಕ್ ಸುತ್ತಲಿನ ಊರುಗಳು ಇದನ್ನೇ ಮಾದರಿಯಾಗಿಟ್ಟುಕೊಂಡು ಹತ್ತಾರು ಚರ್ಚುಗಳನ್ನು ಕಟ್ಟಿದವು. ಮುಂದೆ ಹೆಸರಾಂತ ಸಂಗೀತಗಾರ ಬುಕ್ಸ್ಟೆಹೂಡೆ ಇಲ್ಲಿ ಆರ್ಗನ್ ನುಡಿಸುತ್ತಿದ್ದಾಗ, 1705ರಲ್ಲಿ, ಮುಂದೆ ಮಹಾನ್ ಸಂಗೀತ ರಚನಕಾರನಾಗಲಿದ್ದ ಇಪ್ಪತ್ತರ ಹರೆಯದ ಬಾಖ್ ಆ ವಾದನ ಕೇಳಲೆಂದೇ ಆರ್ನ್‌ಸ್ಟಾಟ್‌ನಿಂದ ಸುಮಾರು 400 ಕಿಲೋಮೀಟರ್ ನಡೆದು ಬಂದ.

1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಈಸ್ಟರ್‌ಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಹಿಂದಿನ ರಾತ್ರಿ ಬ್ರಿಟಿಷ್ ವಾಯುಪಡೆಯ 234 ವಿಮಾನಗಳು ಬಂದವು. ಹಳೆಯ ಊರಿನ ಸುಮಾರು ಐದನೇ ಒಂದು ಭಾಗ ನಾಶವಾಯಿತು, 300ಕ್ಕೂ ಹೆಚ್ಚು ಜನ ಸತ್ತರು. ಚರ್ಚಿನ ಛಾವಣಿ ಹೊತ್ತಿಕೊಂಡಿತು, ಗೋಪುರದ ಶಿಖರಗಳು ಉರುಳಿದವು. ಸಾವು ಎಲ್ಲ ಅಂತಸ್ತಿನ ಜನರನ್ನೂ ಕುಣಿತಕ್ಕೆ ಎಳೆಯುವುದನ್ನು ತೋರಿಸುವ ‘ಸಾವಿನ ಕುಣಿತ’ ಎಂಬ ಚಿತ್ರಮಾಲೆಯನ್ನು ಕಲಾವಿದ ಬರ್ನ್ಟ್ ನೋಟ್ಕೆ 15ನೇ ಶತಮಾನದಲ್ಲಿ ರಚಿಸಿದ್ದ; ಅದರ 1701ರ ಪ್ರತಿ, 16ನೇ ಶತಮಾನದ ಖಗೋಳ ಗಡಿಯಾರ ಎರಡೂ ಬೂದಿಯಾದವು.

1947ರಲ್ಲಿ ಶುರುವಾದ ಪುನರ್ನಿರ್ಮಾಣ ಬಹುಮಟ್ಟಿಗೆ ಮುಗಿದದ್ದು 1959ಕ್ಕೆ. ಹೋದದ್ದಕ್ಕೆಲ್ಲ ಒಂದೇ ಮದ್ದು ಹಚ್ಚಲಿಲ್ಲ. ಗಡಿಯಾರವನ್ನು ಊರಿನ ಗಡಿಯಾರ ತಯಾರಕ ಪೌಲ್ ಬೇರೆನ್ಸ್ ವರ್ಷಗಟ್ಟಲೆ ಕೂತು ಹೊಸದಾಗಿ ಮಾಡಿದರು. 1967ರಲ್ಲಿ ಅದು ನಡೆಯತೊಡಗಿತು. ‘ಸಾವಿನ ಕುಣಿತ’ವನ್ನು ಮತ್ತೆ ಬರೆಸುವ ಬದಲು ಕಲಾವಿದ ಆಲ್ಫ್ರೆಡ್ ಮಾಲೌ ಅದೇ ವಸ್ತುವಿನ ಮೇಲೆ ಗಾಜಿನ ಕಿಟಕಿಗಳನ್ನು ರೂಪಿಸಿದರು. ಗಂಟೆಗಳನ್ನು ಮಾತ್ರ ಯಾರೂ ಎತ್ತಲಿಲ್ಲ.

ಮೋಸ ನಡೆದದ್ದು ಗೋಡೆಗಳ ಮೇಲೆ. ಬೆಂಕಿಯ ಝಳಕ್ಕೆ ಶತಮಾನಗಳ ಸುಣ್ಣದ ಪದರ ಕಳಚಿ, ಅಡಿಯಲ್ಲಿ ಮಧ್ಯಯುಗದ ಭಿತ್ತಿಚಿತ್ರಗಳು ಕಾಣಿಸಿಕೊಂಡಿದ್ದವು. ಎಲ್ಲವನ್ನೂ ಕಳೆದುಕೊಂಡ ಊರಿಗೆ ಇದು ಬೂದಿಯೊಳಗಿನ ಬಂಗಾರದಂತೆ ಕಂಡಿತು. ಅವುಗಳನ್ನು ಉಳಿಸುವ ಕೆಲಸ ಡೀಟ್ರಿಚ್ ಫೈ ಎಂಬಾತನಿಗೆ ಸಿಕ್ಕಿತು. ಅಟ್ಟಣಿಗೆಯ ಮೇಲೆ ಕುಂಚ ಹಿಡಿದವನು ಅವನ ಕೈಕೆಳಗಿನ ಲೋಟಾರ್ ಮಾಲ್ಸ್ಕಾಟ್. ಗರ್ಭಗೃಹದ ಮೇಲ್ಗೋಡೆಯಲ್ಲಿ ಉಳಿದಿದ್ದ ಬಣ್ಣ ಬಹಳ ಕಡಿಮೆ. ಮಾಲ್ಸ್ಕಾಟ್ ಅಲ್ಲಿ ಹೊಸದಾಗಿ ಸುಣ್ಣ ಬಳಿದು, ಆಳೆತ್ತರ ಮೀರಿದ ಸಂತರನ್ನು ತಾನೇ ಬರೆದ, ಆಮೇಲೆ ಉಜ್ಜಿ ಹಳೆಯದರಂತೆ ಮಾಡಿದ.

1951ರ ಸೆಪ್ಟೆಂಬರ್‌ನಲ್ಲಿ ಚರ್ಚಿನ 700ನೇ ವರ್ಷದ ಉತ್ಸವಕ್ಕೆ ಚಾನ್ಸಲರ್ ಅಡೆನೌವರ್ ಬಂದರು. ಪಶ್ಚಿಮ ಜರ್ಮನಿಯ ಅಂಚೆ ಇಲಾಖೆ ಆ ಚಿತ್ರಗಳಿರುವ ಎರಡು ಅಂಚೆಚೀಟಿಗಳನ್ನು ಹೊರಡಿಸಿತು. ವಿದ್ವಾಂಸರು ಹಾಡಿ ಹೊಗಳಿದರು. ಹೆಸರೆಲ್ಲ ಫೈಗೆ ಹೋಯಿತು. ಮರುವರ್ಷ ಮಾಲ್ಸ್ಕಾಟ್ ತಾನಾಗಿಯೇ ಬಾಯಿಬಿಟ್ಟ: ಇವು ನನ್ನ ಕೈಯವು. ಮೊದಲು ಅವನ ಮಾತನ್ನು ಯಾರೂ ನಂಬಲಿಲ್ಲ. ಕೊನೆಗೆ ವಕೀಲರ ಮೂಲಕ ತನ್ನ ಮೇಲೂ ಫೈ ಮೇಲೂ ತಾನೇ ದೂರು ಕೊಟ್ಟ. ಯುದ್ಧಕ್ಕೆ ಮೊದಲು ಶ್ಲೇಸ್ವಿಗ್ ಕಥೀಡ್ರಲ್‌ನಲ್ಲೂ ಇದೇ ಕೈಚಳಕ ನಡೆದಿತ್ತು. ಅಲ್ಲಿನ ‘ಮಧ್ಯಯುಗದ’ ಚಿತ್ರದಲ್ಲಿ ಟರ್ಕಿ ಕೋಳಿಗಳಿದ್ದವು. ಆ ಕೋಳಿ ಅಮೆರಿಕದಿಂದ ಯುರೋಪಿಗೆ ಬಂದದ್ದೇ ಕೊಲಂಬಸ್ ನಂತರ. ಆದರೂ ವೈಕಿಂಗರು ಮೊದಲೇ ತಂದಿರಬೇಕೆಂದು ವಾದಿಸಿದ ಪಂಡಿತರಿದ್ದರು. 1955ರಲ್ಲಿ ಲ್ಯೂಬೆಕ್ ನ್ಯಾಯಾಲಯ ಫೈಗೆ 20 ತಿಂಗಳು, ಮಾಲ್ಸ್ಕಾಟ್‌ಗೆ 18 ತಿಂಗಳು ಸೆರೆವಾಸ ವಿಧಿಸಿತು. ಗರ್ಭಗೃಹದ ಸಂತರನ್ನು ತೊಳೆದು ತೆಗೆದರು.

ಇಬ್ಬರು ಮೋಸಗಾರರ ಮೇಲೆ ಎಲ್ಲ ಹೊರಿಸಿ ಕೈತೊಳೆದುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ಮನೆಮಠ ಕಳೆದುಕೊಂಡ ಜನ ಏನಾದರೂ ಉಳಿದಿರಲಿ ಎಂದು ಹಂಬಲಿಸುತ್ತಿದ್ದರು. ಆ ಹಂಬಲವಿಲ್ಲದಿದ್ದರೆ ಅಷ್ಟು ಕಣ್ಣುಗಳು ಏಕಕಾಲಕ್ಕೆ ಮೋಸಹೋಗುತ್ತಿರಲಿಲ್ಲ. ಅದಕ್ಕೇ ಗಂಟೆಗಳನ್ನು ಬಿದ್ದಲ್ಲೇ ಬಿಟ್ಟ ನಿರ್ಧಾರ ನನಗೆ ದೊಡ್ಡದಾಗಿ ಕಾಣುತ್ತದೆ. ಅದೇ ಜನ, ಅದೇ ದುಃಖದ ನಡುವೆ, ಒಡೆದದ್ದನ್ನು ಒಡೆದದ್ದೇ ಎಂದು ಒಪ್ಪಿಕೊಂಡರು. ಆ ಜಾಗ ಈಗ ಸ್ಮಾರಕ ಪ್ರಾರ್ಥನಾಲಯ. ಇಂಗ್ಲೆಂಡಿನ ಕೊವೆಂಟ್ರಿಯಿಂದ ಸಂಧಾನದ ಗುರುತಾಗಿ ಬಂದ ಮೊಳೆಗಳ ಶಿಲುಬೆ ಈ ಚರ್ಚಿನಲ್ಲಿದೆ. 1940ರಲ್ಲಿ ಜರ್ಮನ್ ಬಾಂಬುಗಳಿಗೆ ಸುಟ್ಟುಹೋದ ಕಥೀಡ್ರಲ್ ಇರುವ ಊರು ಅದು.

ಆದರೆ ಗೋಪುರ ಮೂಕವಾಗಿಲ್ಲ. ಬಿದ್ದ ಗಂಟೆಗಳ ಮೇಲೆ, ಅದೇ ದಕ್ಷಿಣ ಗೋಪುರದಲ್ಲಿ, ಗಂಟೆಗಳ ಒಂದು ವಾದ್ಯಮೇಳ ತೂಗುತ್ತಿದೆ. ಅದರ ಕೆಲವು ಗಂಟೆಗಳು ಡಾನ್ಜಿಗ್‌ನ (ಈಗ ಪೋಲೆಂಡಿನ ಗ್ಡಾನ್ಸ್ಕ್) ಸೇಂಟ್ ಕ್ಯಾಥರೀನ್ ಚರ್ಚಿನವು. ಯುದ್ಧದಲ್ಲಿ ತಮ್ಮ ಊರಿನಿಂದ ಬೇರೆಯಾದ ಆ ಗಂಟೆಗಳು ಈಗ ಇಲ್ಲಿ ಕೀರ್ತನೆಗಳ ಸ್ವರ ನುಡಿಯುತ್ತವೆ.