ಟೆರಿಕಾಟ್‌ಗೆ ಬೆಂಕಿತಡೆ ಯಾಕೆ ಇಷ್ಟು ಕಷ್ಟ?

ಬೆಳಗಿನ ಶಿಫ್ಟಿಗೆ ಮಂಗಳೂರಿನ ಸುರತ್ಕಲ್, ಪಣಂಬೂರು ಕಡೆಯ ಕಾರ್ಖಾನೆಗಳಿಗೆ ಹೊರಟ ಬಸ್ಸುಗಳಲ್ಲಿ ಕಾಣುವ ಯೂನಿಫಾರ್ಮ್‌ಗಳೆಲ್ಲ ನೋಡಲು ಒಂದೇ ಥರ. ಬೆಂಕಿಯ ಎದುರು ಅವು ಒಂದೇ ಅಲ್ಲ. ಕೆಲವು ಬೆಂಕಿತಡೆ ಕವರಾಲ್‌ಗಳು, ಇನ್ನು ಕೆಲವು ಪಾಲಿಯೆಸ್ಟರ್ ಮತ್ತು ಹತ್ತಿ ಬೆರೆತ ಸಾದಾ ಟೆರಿಕಾಟ್. ಟೆರಿಕಾಟ್ ಅಗ್ಗ, ಬಾಳಿಕೆ ಚೆನ್ನಾಗಿದೆ, ನಮ್ಮ ಮಳೆಗಾಲದಲ್ಲೂ ಬೇಗ ಒಣಗುತ್ತದೆ. ಕಿಡಿ ಹಾರುವ ಕೆಲಸಕ್ಕೆ ಮಾತ್ರ ಅದು ಅಪಾಯದ ಬಟ್ಟೆ.

ಯಾಕೆಂದು ತಿಳಿಯಲು ಎರಡು ನೂಲು ಸಾಕು. ಚಿಮಟದಲ್ಲಿ ಹಿಡಿದು ಕಡ್ಡಿ ಗೀರಿ ತೋರಿಸಿದರೆ ಹತ್ತಿ ನೂಲು ಕಾಗದ ಸುಟ್ಟ ವಾಸನೆ ಬಿಡುತ್ತಾ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಜ್ವಾಲೆಗೆ ಹೆದರಿದ ಹಾಗೆ ಮುದುಡಿ, ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ತೊಟ್ಟಿಕ್ಕುತ್ತದೆ. ಎಷ್ಟೋ ಸಲ ಆ ಹನಿಯ ಜೊತೆ ಉರಿಯೂ ಕಳಚಿ ಬೀಳುತ್ತದೆ. ಎರಡನ್ನೂ ಸೇರಿಸಿ ನೇಯ್ದಾಗ ಹಾಗೆ ಕಳಚಿಕೊಳ್ಳಲು ದಾರಿಯಿಲ್ಲ. ಸುಟ್ಟು ಕರಿಯಾದ ಹತ್ತಿ, ದೀಪದ ಬತ್ತಿ ಎಣ್ಣೆ ಹೀರುವಂತೆ, ಕರಗಿದ ಪಾಲಿಯೆಸ್ಟರನ್ನು ಹೀರಿ ಹಿಡಿದು ಉರಿಸುತ್ತಲೇ ಇರುತ್ತದೆ. ಕರಗಿದ್ದು ಚರ್ಮಕ್ಕೂ ಅಂಟುತ್ತದೆ.

ಬಟ್ಟೆಗೆ ಬೆಂಕಿ ತಗಲದಂತೆ ಮಾಡುವ ಯತ್ನ ಹೊಸದೇನಲ್ಲ. 1735ರಲ್ಲಿ ಇಂಗ್ಲೆಂಡಿನ ಒಬಡಯಾ ವೈಲ್ಡ್ ಪಟಿಕ, ಬಿಳಿಗಾರ ಮುಂತಾದವುಗಳ ಮಿಶ್ರಣಕ್ಕೆ ಪೇಟೆಂಟ್ ಪಡೆದಿದ್ದ. 1821ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗೇ-ಲುಸಾಕ್ ನಾಟಕಶಾಲೆಗಳ ಪರದೆಗಳಿಗಾಗಿ ಅಮೋನಿಯಂ ಫಾಸ್ಫೇಟ್ ಮತ್ತು ಬಿಳಿಗಾರದ ದ್ರಾವಣಗಳನ್ನು ಪರೀಕ್ಷಿಸಿದ. ಯಕ್ಷಗಾನದ ಮಹಿಷಾಸುರ ದೊಂದಿಯ ಬೆಳಕಿನಲ್ಲಿ, ರಾಳದ ಉರಿ ಭುಗಿಲೇಳುತ್ತಿರುವಾಗ ಜನರ ನಡುವಿನಿಂದ ರಂಗಸ್ಥಳಕ್ಕೆ ಬರುವುದನ್ನು ನೋಡಿದ ನಮ್ಮ ಊರಿನವರಿಗೆ ಗೇ-ಲುಸಾಕ್‌ನ ಚಿಂತೆ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಉಪ್ಪುಗಳೆಲ್ಲ ನೀರಿನಲ್ಲಿ ಕರಗುವಂಥವು. ಒಗೆಯದ ಪರದೆಗೆ ಸರಿ, ದಿನವೂ ಬೆವರುವ ಮೈಗೆ ಉಪಯೋಗವಿಲ್ಲ.

ಒಗೆದರೂ ಉಳಿಯಬೇಕು ಎಂಬ ಹಟ ಹಿಡಿದವನು ವಿಲಿಯಂ ಹೆನ್ರಿ ಪರ್ಕಿನ್. ನೇರಳೆ ಕೃತಕ ಬಣ್ಣ ಕಂಡುಹಿಡಿದ ಪರ್ಕಿನ್‌ನ ಮಗ, ಅದೇ ಹೆಸರಿನವನು. ಫ್ಲಾನೆಲೆಟ್ ಎಂಬ ಅಗ್ಗದ, ಮೇಲ್ಮೈಯಲ್ಲಿ ನವಿರು ಎಳೆಗಳೆದ್ದ ಹತ್ತಿ ಬಟ್ಟೆ ತೊಟ್ಟ ಮಕ್ಕಳು ಸುಟ್ಟುಕೊಳ್ಳುತ್ತಿದ್ದ ಕಾಲವದು. ತವರದ ಸಂಯುಕ್ತವನ್ನು ನೂಲಿನೊಳಗೇ ಕೂರಿಸುವ ವಿಧಾನವನ್ನು ಅವನು 1913ರ ಹೊತ್ತಿಗೆ ಜಗತ್ತಿನ ಮುಂದಿಟ್ಟ. ಬಟ್ಟೆ ಮೃದುವಾಗಿರಬೇಕು, ವಿಷವಾಗಬಾರದು, ಒಗೆತ ತಾಳಬೇಕು, ಬೆಲೆ ಏರಬಾರದು ಎಂದು ಅವನು ಹಾಕಿಕೊಂಡ ಷರತ್ತುಗಳನ್ನು ಒಟ್ಟಿಗೆ ಪೂರೈಸಲು ಉದ್ಯಮ ಇಂದಿಗೂ ಹೆಣಗುತ್ತಿದೆ.

ಹತ್ತಿಯ ಮಟ್ಟಿಗೆ ದಾರಿ ತೆರೆದದ್ದು 1950ರ ದಶಕದಲ್ಲಿ, ಅಮೆರಿಕದ ಕೃಷಿ ಇಲಾಖೆಯ ನ್ಯೂ ಆರ್ಲಿಯನ್ಸ್ ಪ್ರಯೋಗಾಲಯದಲ್ಲಿ. ಟಿಎಚ್‌ಪಿಸಿ ಎಂಬ ರಂಜಕದ (ಫಾಸ್ಫರಸ್) ರಾಸಾಯನಿಕವನ್ನು ಹತ್ತಿಗೆ ಕುಡಿಸಿ ನೂಲಿನೊಳಗೇ ಕರಗದ ಪಾಲಿಮರ್ ಆಗಿ ಗಟ್ಟಿಗೊಳಿಸಿದರು. ಮುಂದೆ ಇದಕ್ಕೆ ಅಮೋನಿಯಾ ಅನಿಲ ಹಾಯಿಸುವ ಕ್ರಮ ಬಂತು, ಅದೇ ಪ್ರೊಬಾನ್ ಹೆಸರಿನಲ್ಲಿ ಮಾರುಕಟ್ಟೆಗೆ ಇಳಿಯಿತು. ಕಾದಾಗ ರಂಜಕವು ಹತ್ತಿಯಿಂದ ನೀರಿನಂಶ ತೆಗೆದು ಅದನ್ನು ಇದ್ದಿಲಾಗಿಸುತ್ತದೆ, ಉರಿಯುವ ಅನಿಲ ಹೊರಬರುವುದು ತಗ್ಗುತ್ತದೆ. ಪಾಲಿಯೆಸ್ಟರ್ ಹತ್ತಿಯಂತೆ ಇದ್ದಿಲಾಗುವ ವಸ್ತುವಲ್ಲ. ಹಾಗಾಗಿ ಮಿಶ್ರಣದಲ್ಲಿ ಅದರ ಪಾಲು ಏರಿದಷ್ಟೂ ಈ ವಿಧಾನ ಸೋಲುತ್ತದೆ.

ಪಾಲಿಯೆಸ್ಟರ್‌ಗೆಂದು ಹುಡುಕಿದ ದಾರಿ ಅನಾಹುತಕ್ಕೆ ಒಯ್ದಿತು. 50 ಒಗೆತದ ನಂತರವೂ ಬೆಂಕಿ ತಡೆಯಬೇಕೆಂದು 1970ರ ದಶಕದ ಆರಂಭದಲ್ಲಿ ಅಮೆರಿಕ ಮಕ್ಕಳ ರಾತ್ರಿಯುಡುಪಿಗೆ ನಿಯಮ ಮಾಡಿತು. ತಯಾರಕರು ‘ಟ್ರಿಸ್’ ಎಂಬ ಬ್ರೋಮಿನ್ ಸಂಯುಕ್ತಕ್ಕೆ ಮೊರೆಹೋದರು. ಅದು ವಂಶವಾಹಿಗಳನ್ನು ಕೆಡಿಸಬಲ್ಲದು ಎಂದು 1977ರಲ್ಲಿ ವಿಜ್ಞಾನಿಗಳಾದ ಆರ್ಲೀನ್ ಬ್ಲಂ ಮತ್ತು ಬ್ರೂಸ್ ಏಮ್ಸ್ ಎಚ್ಚರಿಸಿದರು, ಅದೇ ವರ್ಷ ಮಕ್ಕಳ ಉಡುಪಿನಲ್ಲಿ ಅದಕ್ಕೆ ನಿಷೇಧ ಬಿತ್ತು. ಮಕ್ಕಳನ್ನು ಕಾಯಲೆಂದು ಹಚ್ಚಿದ್ದೇ ಮಕ್ಕಳ ಮೈ ಸೇರಿತ್ತು. ಪರದೆ, ಸೋಫಾ ಬಟ್ಟೆಗಳ ಹಿಂಬದಿಗೆ ಬಳಿಯುತ್ತಿದ್ದ ಇನ್ನೊಂದು ಬ್ರೋಮಿನ್ ರಾಸಾಯನಿಕ ಡೆಕಾಬಿಡಿಇ 2017ರಲ್ಲಿ, ಬೇಗ ನಾಶವಾಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು.

ಸದ್ಯಕ್ಕೆ ನಂಬಬಹುದಾದ ದಾರಿಗಳು ಮಿಶ್ರಣವನ್ನೇ ಬದಲಿಸುವಂಥವು. ಪಾಲಿಯೆಸ್ಟರ್ ತಯಾರಾಗುವಾಗಲೇ ಅದರ ಸರಪಳಿಯಲ್ಲಿ ರಂಜಕ ಸೇರಿಸುವುದು ಒಂದು. ಶೇ 88 ಹತ್ತಿಗೆ ಶೇ 12 ನೈಲಾನ್ ಮಾತ್ರ ಸೇರಿಸಿ, ಬಾಳಿಕೆ ಉಳಿಸಿಕೊಂಡು ಹತ್ತಿಗೆ ರಂಜಕದ ಸಂಸ್ಕರಣೆ ಕೊಡುವುದು ಇನ್ನೊಂದು. ಅರ್ಧಕ್ಕರ್ಧ ಪಾಲಿಯೆಸ್ಟರ್ ಇರುವ ಟೆರಿಕಾಟ್‌ಗೆ ಅಗ್ಗದಲ್ಲಿ ಬಾಳುವ ಬೆಂಕಿತಡೆ ಕೊಡುತ್ತೇವೆ ಎನ್ನುವವರ ಮಾತನ್ನು ಪರೀಕ್ಷಾ ವರದಿ ನೋಡದೆ ಒಪ್ಪಬಾರದು. ಒಗೆಯುವ ಮೊದಲಿನ ಫಲಿತಾಂಶದ ಜೊತೆ 50 ಒಗೆತದ ನಂತರದ್ದೂ ಅದರಲ್ಲಿರಬೇಕು.

ಒಳ್ಳೆಯ ಬಟ್ಟೆಯೂ ಮನೆಯ ಒಗೆಯುವ ಕಲ್ಲಿನ ಮೇಲೆ ಕೆಡಬಹುದು. ಬೆವರಿನ ಕಲೆಗೆ ಹಾಕುವ ಬ್ಲೀಚಿಂಗ್ ಪೌಡರ್ ಹತ್ತಿಯೊಳಗೆ ಕೂರಿಸಿದ ರಂಜಕದ ಪಾಲಿಮರನ್ನು ಹಾಳುಮಾಡುತ್ತದೆ. ಬೇಸಿಗೆಯಲ್ಲಿ ಕಡಲ ಬದಿಯ ಬಾವಿಗೆ ಉಪ್ಪು ನುಗ್ಗಿ ನೀರು ಗಡಸಾದಾಗ ಬಾರ್ ಸೋಪಿನ ಜಿಡ್ಡು ನೂಲಿನಲ್ಲಿ ಕೂರುತ್ತದೆ, ಆ ಜಿಡ್ಡಿಗೇ ಬೆಂಕಿ ಹತ್ತುತ್ತದೆ. ಡಿಟರ್ಜೆಂಟ್ ಪುಡಿ ಸಾಕು, ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡ. ಹರಿದರೆ ಸಾದಾ ಟೆರಿಕಾಟ್ ತೇಪೆ ಹಾಕಿಸಬಾರದು. ಕವರಾಲ್ ಒಳಗೆ ಪಾಲಿಯೆಸ್ಟರ್ ಟೀ ಶರ್ಟ್ ಬದಲು ಹತ್ತಿ ಬನಿಯನ್ ಇರಲಿ. ಯೂನಿಫಾರ್ಮ್ ಹಂಚುವ ಗುತ್ತಿಗೆದಾರರು ಇಷ್ಟನ್ನು ಕನ್ನಡ, ತುಳು, ಹಿಂದಿಯಲ್ಲಿ, ಬಟ್ಟೆ ಕೈಗೆ ಕೊಡುವಾಗಲೇ ಹೇಳಬೇಕು.