ಪೆಟ್ಟು ತಿಂದ ವಿದ್ಯಾರ್ಥಿಗೆ ಶಾಲೆಯ ಶಿಸ್ತು ಹೇಗಿರಬೇಕು: ಸಹಪಾಠಿಗಳಿಗಾಗಿ ಅಧ್ಯಯನ ಟಿಪ್ಪಣಿ

ಬಿ.ಇಡಿ. ಇಂಟರ್ನ್‌ಶಿಪ್‌ಗಾಗಿ ನಾನು ದಾವಣಗೆರೆ ಸಮೀಪದ ಒಂದು ಪ್ರೌಢಶಾಲೆಗೆ ಹೋಗುತ್ತಿದ್ದಾಗ, ಒಂದು ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ಜಗಳವಾಯಿತು. ಒಂಬತ್ತನೇ ತರಗತಿಯ ಹುಡುಗನೊಬ್ಬ ಹತ್ತನೇ ತರಗತಿಯವನ ಮುಂಗೈಗೆ ಕೈವಾರದಿಂದ ಚುಚ್ಚಿದ್ದ. ಗಾಯ ಆಳವಾಗಿರಲಿಲ್ಲ, ಆದರೆ ರಕ್ತ ಬಂದಿತ್ತು. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ನಡೆಸಿದ ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು. ಚುಚ್ಚಿದವನಿಂದ ಮುಚ್ಚಳಿಕೆ ಬರೆಸಿಕೊಂಡು, ಒಂದು ವಾರ ಶಾಲೆಗೆ ಬರಬೇಡವೆಂದು ಹೇಳಿ, ಮತ್ತೆ ಹೀಗಾದರೆ ಟಿಸಿ ಕೊಟ್ಟು ಕಳುಹಿಸುವುದಾಗಿ ಎಚ್ಚರಿಸಲಾಯಿತು. ಆಮೇಲೆ ಅವನು ನಲ್ಲಿಯ ಬಳಿ ಕೈತೊಳೆಯಲು ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದಾಗ, ಮೊಣಕೈಯಿಂದ ಭುಜದವರೆಗೆ ಕಂದಿದ ಕಲೆಗಳು ಕಂಡವು. ಕೆಲವು ಹಳದಿಗೆ ತಿರುಗಿದ್ದವು, ಕೆಲವು ಇನ್ನೂ ನೇರಳೆಯಾಗಿದ್ದವು. “ಮೂರು ವಾರದಿಂದ ರೊಕ್ಕ ಕಿತ್ಕಳ್ತಿದ್ರು ಮಿಸ್, ಕೊಡ್ಲಿಲ್ಲ ಅಂದ್ರೆ ಇಲ್ಲೇ ಗುದ್ದತಿದ್ರು” ಎಂದಷ್ಟೇ ಹೇಳಿ ಅವನು ತೋಳನ್ನು ಮತ್ತೆ ಕೆಳಗೆ ಎಳೆದುಕೊಂಡ.

ಶಾಲೆಯ ದೂರು ಪುಸ್ತಕದಲ್ಲಿ ಆ ದಿನ ದಾಖಲಾದದ್ದು ಕೈವಾರದ ಒಂದು ನಿಮಿಷ ಮಾತ್ರ. ಅದರ ಹಿಂದಿನ ಮೂರು ವಾರಗಳಿಗೆ ಅಲ್ಲಿ ಜಾಗವಿರಲಿಲ್ಲ. ಈ ಟಿಪ್ಪಣಿಯಲ್ಲಿ ನಾನು ಹೇಳಬೇಕಾದ ಮಾತೆಲ್ಲ ಇದರ ಸುತ್ತಲೇ ಇದೆ. ಹಿಂಸೆಗೆ ಒಳಗಾದ ಮಗು ತರಗತಿಯಲ್ಲಿ ಹೆಚ್ಚಾಗಿ ನಿಯಮ ಮುರಿದ ಮಗುವಾಗಿಯೇ ನಮ್ಮ ಕಣ್ಣಿಗೆ ಬೀಳುತ್ತದೆ: ತಡವಾಗಿ ಬರುತ್ತದೆ, ಬೆಂಚಿನ ಮೇಲೆ ನಿದ್ದೆ ಹೋಗುತ್ತದೆ, ಯಾರಾದರೂ ಹಿಂದಿನಿಂದ ಮುಟ್ಟಿದರೆ ಥಟ್ಟನೆ ಕೈ ಎತ್ತುತ್ತದೆ, ಕೇಳಿದ ಪ್ರಶ್ನೆಗೆ ಉತ್ತರಿಸದೆ ನೆಲ ನೋಡುತ್ತದೆ. ಸದಾ ಬೆದರಿಕೆಯ ನಡುವೆ ಇರುವ ಮಗುವಿನ ದೇಹವು ಓಡುವುದಕ್ಕೆ, ಎದುರಿಸುವುದಕ್ಕೆ ಅಥವಾ ಮರಗಟ್ಟಿ ನಿಲ್ಲುವುದಕ್ಕೆ ಸಿದ್ಧವಾಗಿರುತ್ತದೆ ಎಂದು ಮನೋವಿಜ್ಞಾನದ ಪಠ್ಯದಲ್ಲಿ ನಾವು ಓದಿದ್ದೇವೆ. ಶಿಕ್ಷಕರ ಕೊಠಡಿಯಲ್ಲಿ ಇದೇ ಮೂರಕ್ಕೂ ಚಕ್ಕರ್ ಹೊಡೆಯುವುದು, ರೌಡಿತನ, ಸೊಕ್ಕು ಎಂಬ ಹೆಸರುಗಳಿವೆ.

ಈಗ ಕಾನೂನಿನ ಕಡೆಗೆ ಬರೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 16ನೇ ಕಲಮಿನ ಪ್ರಕಾರ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 29ನೇ ಕಲಮು ಮಗುವನ್ನು ಭಯ, ಆಘಾತ ಮತ್ತು ಆತಂಕಗಳಿಂದ ಮುಕ್ತವಾಗಿಸಬೇಕೆನ್ನುತ್ತದೆ. ನಮ್ಮಲ್ಲಿ ಅನೇಕರು ಪರೀಕ್ಷೆಯಲ್ಲಿ ತಪ್ಪುವ ಅಂಶವೊಂದು ಇಲ್ಲಿದೆ. ಈ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಎಂಟನೇ ತರಗತಿಯವರೆಗೆ ಸಂಬಂಧಿಸಿದ್ದು. ಮೇಲೆ ಹೇಳಿದ ಹುಡುಗ ಒಂಬತ್ತನೇ ತರಗತಿಯಲ್ಲಿದ್ದುದರಿಂದ ಹೊರಹಾಕುವಿಕೆಯ ವಿರುದ್ಧದ ಆ ರಕ್ಷಣೆ ಅವನಿಗಿರಲಿಲ್ಲ, ಟಿಸಿಯ ಬೆದರಿಕೆ ಅಷ್ಟು ಸಲೀಸಾಗಿ ಬಂದದ್ದಕ್ಕೆ ಇದೂ ಒಂದು ಕಾರಣ. ಹಾಗೆಂದು ಅವನಿಗೆ ಕಾನೂನೇ ಇಲ್ಲವೆಂದಲ್ಲ. 2015ರ ಬಾಲ ನ್ಯಾಯ ಕಾಯ್ದೆ 18 ವರ್ಷ ತುಂಬದ ಎಲ್ಲರಿಗೂ ಅನ್ವಯಿಸುತ್ತದೆ. ಮಗುವಿನ ಹೊಣೆ ಹೊತ್ತವರೇ ಅದಕ್ಕೆ ಹಿಂಸೆ ಕೊಟ್ಟರೆ ಅಥವಾ ಅನವಶ್ಯಕ ನೋವಾಗುವಂತೆ ನಿರ್ಲಕ್ಷಿಸಿದರೆ, 75ನೇ ಕಲಮಿನ ಅಡಿ ಅದು ಅಪರಾಧ. ಭಾರತವು 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯು ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತನ್ನು ಕೇಳಬೇಕೆಂದೂ, 28ನೇ ವಿಧಿಯು ಶಾಲಾ ಶಿಸ್ತು ಮಗುವಿನ ಘನತೆಗೆ ಒಪ್ಪುವಂತಿರಬೇಕೆಂದೂ ಹೇಳುತ್ತವೆ.

“ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತದೆಯೇ?” ಎಂಬ ಮಾತನ್ನು ನಾವೆಲ್ಲರೂ ಶಾಲೆಗಳಲ್ಲಿ ಕೇಳಿದ್ದೇವೆ. ಜಗಳವಾದರೆ ಇಬ್ಬರಿಗೂ ಸಮ ಶಿಕ್ಷೆ ಕೊಡುವುದು ನಿಷ್ಪಕ್ಷಪಾತವೆಂದು ಹಿರಿಯ ಶಿಕ್ಷಕರು ಮನಃಪೂರ್ವಕವಾಗಿ ನಂಬಿರುತ್ತಾರೆ. ಆದರೆ ದೊಡ್ಡವರ ಕಾನೂನೇ ಹೀಗೆ ಹೇಳುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ನೇ ಕಲಮು ಆತ್ಮರಕ್ಷಣೆಯ ಹಕ್ಕಿನಿಂದ ಮಾಡಿದ ಕೃತ್ಯ ಅಪರಾಧವಲ್ಲವೆನ್ನುತ್ತದೆ, 37ನೇ ಕಲಮು ಅದಕ್ಕೆ ಮಿತಿಯನ್ನೂ ಹಾಕುತ್ತದೆ. ಆ ಮಿತಿ ನಮಗೂ ಮುಖ್ಯ. ಜೇಬಿನಲ್ಲಿ ಕೈವಾರ ಇಟ್ಟುಕೊಂಡು ಬಂದದ್ದು ಅಪಾಯಕರ, ಅದು ಕಣ್ಣಿಗೆ ತಗುಲಿದ್ದರೆ ಗತಿಯೇನಾಗುತ್ತಿತ್ತು ಎಂಬುದನ್ನು ಆ ಹುಡುಗನಿಗೆ ತಿಳಿಸಿಹೇಳಲೇಬೇಕು. ಆದರೆ ಅವನು ಮೂರು ವಾರ ಯಾರಿಗೂ ಏಕೆ ಹೇಳಲಿಲ್ಲ, ಹೇಳಲು ಶಾಲೆಯಲ್ಲಿ ಯಾರಿದ್ದರು ಎಂಬ ಪ್ರಶ್ನೆಗೆ ಮೊದಲು ನಾವು ಉತ್ತರ ಕೊಡಬೇಕು. ರೊಕ್ಕ ಕಿತ್ತುಕೊಳ್ಳುತ್ತಿದ್ದ ಹತ್ತನೇ ತರಗತಿಯವನೂ ಮಗುವೇ. ಅವನು ಬೆಳಗಿನ ಜಾವ ಮಂಡಕ್ಕಿ ಭಟ್ಟಿಯಲ್ಲಿ ದುಡಿದು, ಅಲ್ಲಿ ಬೈಗುಳ ತಿಂದು ಶಾಲೆಗೆ ಬರುವವನಾಗಿರಬಹುದು. ಅದನ್ನೂ ಕೇಳಿ ತಿಳಿಯಬೇಕು, ಆದರೆ ಅದರಿಂದ ಕಿರಿಯವನ ತೋಳಿನ ಕಲೆಗಳು ಅಳಿಸಿಹೋಗುವುದಿಲ್ಲ.

ಎದುರುಬದುರು ನಿಲ್ಲಿಸಿ ವಿಚಾರಿಸುವ ಪದ್ಧತಿಯಂತೂ ತಪ್ಪೆಂದೇ ನನ್ನ ಅಭಿಪ್ರಾಯ. ಹೊಡೆದವನ ಮುಂದೆಯೇ ಹೊಡೆಸಿಕೊಂಡವನು ಬಾಯಿ ಬಿಡುವುದಿಲ್ಲ, ಆ ಮೌನವನ್ನು ನಾವು ತಪ್ಪೊಪ್ಪಿಗೆಯೆಂದು ಓದುತ್ತೇವೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 36ನೇ ಕಲಮು, ಸಾಕ್ಷ್ಯ ಹೇಳುವಾಗ ಮಗು ಆರೋಪಿಯ ಮುಖ ನೋಡುವಂತಾಗಬಾರದೆಂದು ನ್ಯಾಯಾಲಯಕ್ಕೇ ಸೂಚಿಸುತ್ತದೆ. ನ್ಯಾಯಾಲಯ ತೋರುವ ಈ ಎಚ್ಚರವನ್ನು ಮುಖ್ಯ ಶಿಕ್ಷಕರ ಕೊಠಡಿಯೂ ತೋರಬಹುದು.

ಲೈಂಗಿಕ ಹಿಂಸೆಯ ಸಂಗತಿಯಲ್ಲಿ ಶಾಲೆಗೆ ಆಯ್ಕೆಯೇ ಇಲ್ಲ. ಪೋಕ್ಸೋದ 19ನೇ ಕಲಮಿನಂತೆ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನ ಅಡಿ ಶಿಕ್ಷೆಯಿದೆ, ಸಂಸ್ಥೆಯ ಮುಖ್ಯಸ್ಥರಿಗೆ ಅದು ಒಂದು ವರ್ಷದವರೆಗಿನ ಸೆರೆಯಾಗಬಹುದು. ಊರ ಹಿರಿಯರನ್ನು ಕೂರಿಸಿ ರಾಜಿ ಮಾಡಿಸುವುದಕ್ಕೆ ಇಲ್ಲಿ ಅವಕಾಶವಿಲ್ಲ. ಇಂಥ ಸಂದರ್ಭದಲ್ಲಿ ‘ಶಾಲೆಯ ಹೆಸರು ಕೆಡಿಸಿದಳು’ ಎಂದು ಹುಡುಗಿಯನ್ನೇ ದೂರುವುದು, ‘ನಿಮ್ಮ ಮಗಳ ಒಳ್ಳೆಯದಕ್ಕೇ’ ಎಂದು ಟಿಸಿ ಕೊಟ್ಟು ಬೇರೆ ಶಾಲೆ ನೋಡಿಕೊಳ್ಳಲು ಹೇಳುವುದು, ಶಿಕ್ಷೆಯೆಂಬ ಹೆಸರಿಲ್ಲದ ಶಿಕ್ಷೆಗಳು. ಸುರಕ್ಷತೆಗಾಗಿ ಯಾರಾದರೂ ತರಗತಿ ಅಥವಾ ಜಾಗ ಬದಲಿಸಬೇಕಾಗಿ ಬಂದರೆ, ನೊಂದವಳು ತಾನಾಗಿ ಕೇಳದ ಹೊರತು ಅವಳನ್ನು ಕದಲಿಸಬಾರದು. ವಿಚಾರಣೆ ನಡೆದಿರುವ ಪ್ರಕರಣದ ವರದಿಯಲ್ಲಿ ಮಗುವಿನ ಹೆಸರು, ವಿಳಾಸ, ಶಾಲೆ ಯಾವುದೂ ಬಯಲಾಗಬಾರದೆಂದು ಬಾಲ ನ್ಯಾಯ ಕಾಯ್ದೆಯ 74ನೇ ಕಲಮು ಹೇಳುತ್ತದೆ. ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂದೇಶ ಹಾಕುವ ಮುನ್ನ ಇದನ್ನು ನೆನೆಯಬೇಕು.

ಮನೆಯ ಹಿಂಸೆಯ ವಿಷಯ ಇನ್ನೂ ಸೂಕ್ಷ್ಮ. ಜಗಳೂರಿನ ಕಡೆಯ ಹಳ್ಳಿಯಿಂದ ಬರುವ ಎಂಟನೇ ತರಗತಿಯ ಹುಡುಗಿಯೊಬ್ಬಳು ವಾರಕ್ಕೆ ಮೂರು ದಿನ ಪ್ರಾರ್ಥನೆ ಮುಗಿದ ಮೇಲೆ ಬರುತ್ತಾಳೆಂದು ಇಟ್ಟುಕೊಳ್ಳಿ. ನಾವು ರೂಢಿಯಂತೆ “ನಾಳೆ ನಿಮ್ಮ ಅಪ್ಪನನ್ನು ಕರೆದುಕೊಂಡು ಬಾ” ಎನ್ನುತ್ತೇವೆ. ರಾತ್ರಿ ಕುಡಿದು ತಾಯಿಯನ್ನೂ ಅವಳನ್ನೂ ಬಡಿಯುವವನು ಆ ಅಪ್ಪನೇ ಆಗಿದ್ದರೆ, ನಮ್ಮ ಆ ಒಂದು ಮಾತು ಅಂದು ರಾತ್ರಿ ಅವಳ ಬೆನ್ನ ಮೇಲೆ ಬೀಳುತ್ತದೆ. ಆದ್ದರಿಂದ ಪಾಲಕರನ್ನು ಕರೆಸುವ ಮೊದಲು, ಅವಳು ನಂಬುವ ಒಬ್ಬ ಶಿಕ್ಷಕಿ ಬೇರೆಯವರಿಗೆ ಕೇಳಿಸದ ಜಾಗದಲ್ಲಿ “ಮನೆಯಲ್ಲಿ ಯಾರನ್ನು ಕರೆದರೆ ನಿನಗೆ ಅನುಕೂಲ, ಮಗಳೇ?” ಎಂದು ಕೇಳಬೇಕು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಒಮ್ಮೆ ಬರೆದಿಟ್ಟುಕೊಂಡು, ಪ್ರತಿಯೊಬ್ಬ ಶಿಕ್ಷಕರ ಮುಂದೆಯೂ ಮತ್ತೆ ಹೇಳಿಸಬಾರದು. ಮಕ್ಕಳ ಸಹಾಯವಾಣಿ 1098, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮತ್ತು ಮಕ್ಕಳ ಕಲ್ಯಾಣ ಸಮಿತಿಗಳು ಇರುವುದು ಇಂಥ ಸಮಯಕ್ಕಾಗಿಯೇ.

ಹಾಜರಿಯನ್ನೂ ಮರೆಯಬಾರದು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶೇ 75 ಹಾಜರಿ ಬೇಕು. ಆಸ್ಪತ್ರೆ, ಪೊಲೀಸ್ ಠಾಣೆ, ನ್ಯಾಯಾಲಯಗಳಿಗೆ ಅಲೆದ ದಿನಗಳೆಲ್ಲ ಬರೀ ಗೈರುಹಾಜರಿಯೆಂದು ಸೇರುತ್ತ ಹೋದರೆ, ಮಾರ್ಚ್ ತಿಂಗಳಲ್ಲಿ ಆ ಮಗುವಿನ ಮೇಲೆ ಮತ್ತೊಂದು ಪೆಟ್ಟು ಬೀಳುತ್ತದೆ. ಆಯಾ ದಿನದ ಕಾರಣವನ್ನು ಗೋಪ್ಯ ಕಡತದಲ್ಲಿ ದಾಖಲೆ ಸಮೇತ ಇಟ್ಟುಕೊಂಡು, ಕೊರತೆ ಬೀಳುವ ಲಕ್ಷಣ ಕಂಡ ಕೂಡಲೇ ಕ್ಷೇತ್ರ ಶಿಕ್ಷಣಾಧಿಕಾರಿಗಳ ಗಮನಕ್ಕೆ ತರುವುದು ಮುಖ್ಯ ಶಿಕ್ಷಕರ ಕೆಲಸ.

ಆ ಹುಡುಗನ ವಿಷಯವನ್ನು ನಾನು ಮರುದಿನ ನನ್ನ ಮಾರ್ಗದರ್ಶಕ ಶಿಕ್ಷಕಿಗೆ ತಿಳಿಸಿದೆ, ಅವರು ಮುಖ್ಯ ಶಿಕ್ಷಕರೊಂದಿಗೆ ಬಹಳ ಹೊತ್ತು ಮಾತನಾಡಿದರು. ವಾರದ ಬದಲು ಎರಡೇ ದಿನಕ್ಕೆ ಅವನನ್ನು ಕರೆಸಿಕೊಂಡರು. ಊಟದ ಸಾಲು ತರಗತಿವಾರು ಬೇರೆಯಾಯಿತು. ಬಡಿಸುವ ಜಾಗದಲ್ಲಿ ಒಬ್ಬ ಶಿಕ್ಷಕರು ದಿನವೂ ನಿಲ್ಲತೊಡಗಿದರು. ಆದರೆ ದೂರು ಪುಸ್ತಕದ ಆ ಪುಟದಲ್ಲಿ ಅವನ ಹೆಸರಿನ ಮುಂದೆ ಕೈವಾರದ ಮಾತು ಮಾತ್ರ ಹಾಗೆಯೇ ಉಳಿದಿತ್ತು. ಅದರ ಕೆಳಗೆ ಇನ್ನೆರಡು ಸಾಲು ಸೇರಿಸಬೇಕೆಂದು ನಾನು ಕೇಳಿಕೊಂಡೆ. ಇಂಟರ್ನ್‌ಶಿಪ್ ಮುಗಿಯುವವರೆಗೂ ಅಲ್ಲಿ ಯಾರೂ ಬರೆದಿರಲಿಲ್ಲ.